ಮುಂಬಯಿಯ ತೇಗ, ಇಂಗ್ಲೆಂಡಿನ ಹಡಗು

ಮರ ಕೊಯ್ದು ಬದುಕಿದವನು ನಾನು. ಹಾಗಾಗಿ ಬ್ರಿಟಿಷ್ ನೌಕಾಪಡೆಯ ‘ಲೀಡಾ’ ವರ್ಗದ ಫ್ರಿಗೇಟುಗಳ ಮಾತು ಬಂದರೆ ನನ್ನ ಕಣ್ಣು ಫಿರಂಗಿಗಿಂತ ಮೊದಲು ಹಲಗೆಯ ಮೇಲೆ ಬೀಳುತ್ತದೆ. 38 ತೋಪಿನ ಈ ಹಡಗುಗಳ ವಿನ್ಯಾಸ ಇಂಗ್ಲಿಷರದ್ದಲ್ಲ. 1782ರಲ್ಲಿ ಫ್ರೆಂಚರಿಂದ ವಶಪಡಿಸಿಕೊಂಡ ‘ಹೆಬೆ’ ಎಂಬ ಹಡಗನ್ನು ನೋಡಿ ಮಾಡಿದ್ದು. ಶತ್ರುವಿನ ಕೆಲಸ ಚೆನ್ನಾಗಿದ್ದರೆ ನಕಲು ಮಾಡಲು ಅವರಿಗೇನೂ ನಾಚಿಕೆಯಿರಲಿಲ್ಲ, ಬಿಡಿ.

ಇವುಗಳಲ್ಲಿ ನನಗೆ ಅಚ್ಚುಮೆಚ್ಚು ‘ಟ್ರಿಂಕೋಮಲಿ’. ಅದರ ನಕ್ಷೆ ಹೊತ್ತು ಮುಂಬಯಿಗೆ ಹೊರಟಿದ್ದ ‘ಜಾವಾ’ ಹಡಗನ್ನು 1812ರಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕನ್ನರು ಸೋಲಿಸಿ ಸುಟ್ಟರು, ನಕ್ಷೆಯ ಇನ್ನೊಂದು ಪ್ರತಿ ಕಳಿಸಬೇಕಾಯಿತು. ಮುಂಬಯಿಯಲ್ಲಿ ಹಡಗು ಕಟ್ಟುವ ಮೇಸ್ತ್ರಿ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಪಾರ್ಸಿ ಪದ್ಧತಿಯಂತೆ ಹಡಗಿನ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದು ಕೆಲಸ ಶುರುಮಾಡಿದರು. ಹಲಗೆ ಮಲಬಾರಿನ ತೇಗದ್ದು. ಓಕ್ ಮರದ ಒಗರು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಯುತ್ತದೆ. ಮರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಅಷ್ಟರಲ್ಲಿ ನೆಪೋಲಿಯನ್‌ನ ಯುದ್ಧವೇ ಮುಗಿದಿತ್ತು! ಇಂಗ್ಲೆಂಡಿಗೆ ಹೋಗಿ ದಶಕಗಳ ಕಾಲ ಕೆಲಸವಿಲ್ಲದೆ ನಿಂತಿತು. ಇವತ್ತು ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಅದನ್ನು ಉಳಿಸಿದ್ದರಲ್ಲಿ ನಾವಿಕರಿಗಿಂತ ತೇಗಕ್ಕೂ ವಾಡಿಯಾರ ಬಡಗಿಗಳಿಗೂ ಹೆಚ್ಚಿನ ಪಾಲು ಸಲ್ಲಬೇಕು.