ರತ್ನಗಂಬಳಿಯನ್ನು ಮಗುಚಿ ನೋಡಿ

ಅಂಗಡಿಯಲ್ಲಿ ರತ್ನಗಂಬಳಿಯನ್ನು ಬಿಡಿಸಿ ಹಾಸಿದೊಡನೆ ಎಲ್ಲರ ಕಣ್ಣು ಹೋಗುವುದು ಬಣ್ಣ, ಹೂ, ಬಳ್ಳಿಗಳತ್ತ. ಬಲ್ಲವರು ಮಾತ್ರ ಒಂದು ಮೂಲೆ ಹಿಡಿದು ಮೊದಲು ಮಗುಚಿ ನೋಡುತ್ತಾರೆ. ಅದು ಹೇಗೆ ತಯಾರಾಯಿತು ಎಂಬುದು ತಿಳಿಯುವುದು ಬೆನ್ನಿನ ಕಡೆಯಿಂದಲೇ.

ಜಗತ್ತಿನ ಅತಿ ಪ್ರಸಿದ್ಧ ರತ್ನಗಂಬಳಿಗಳಲ್ಲಿ ಒಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಇರಾನಿನ ವಾಯವ್ಯ ಭಾಗದ ಅರ್ದಬೀಲ್ ಪಟ್ಟಣದ ಸೂಫಿ ಸಂತ ಶೇಖ್ ಸಫಿಯುದ್ದೀನರ ದರ್ಗಾದಿಂದ ಬಂದದ್ದು. ಉದ್ದ ಸುಮಾರು ಹತ್ತೂವರೆ ಮೀಟರು, ಅಗಲ ಐದು ಮೀಟರಿಗೂ ಹೆಚ್ಚು. ಹಾಸು, ಹೊಕ್ಕು ರೇಷ್ಮೆಯವು, ಗಂಟುಗಳು ಉಣ್ಣೆಯವು. ಒಂದು ಚದರ ಅಂಗುಲಕ್ಕೆ ಸುಮಾರು 340 ಗಂಟು. ಅದರಲ್ಲೇ ನೇಯ್ದ ಬರಹದಲ್ಲಿ ಮಕ್ಸೂದ್ ಕಾಶಾನಿ ಎಂಬ ಹೆಸರೂ ಹಿಜರಿ 946 ಎಂಬ ವರ್ಷವೂ ಇವೆ. ಅಂದರೆ ಕ್ರಿ.ಶ. 1539-40.

1893ರಲ್ಲಿ, ವಿನ್ಯಾಸಕಾರ ವಿಲಿಯಂ ಮೋರಿಸ್ ಪರೀಕ್ಷಿಸಿ ಶಿಫಾರಸು ಮಾಡಿದ ಮೇಲೆ, ಮ್ಯೂಸಿಯಂ ಇದನ್ನು 2000 ಪೌಂಡಿಗೆ ಕೊಂಡಿತು. ಆದರೆ ದರ್ಗಾದಿಂದ ಬಂದವು ಎರಡು. ಒಂದನ್ನು ಕತ್ತರಿಸಿ, ಆ ತುಂಡುಗಳಿಂದ ಇನ್ನೊಂದರ ಹರುಕುಗಳನ್ನು ವ್ಯಾಪಾರಿಗಳು ತುಂಬಿಸಿದ್ದರು. ಜೋಡಿಯ ವಿಷಯವನ್ನು ಗುಟ್ಟಾಗಿಡಲಾಗಿತ್ತು. ಅಂಚು ಕಳೆದುಕೊಂಡ ಆ ಎರಡನೆಯದು ಅಮೆರಿಕ ಸೇರಿತು. 1953ರಲ್ಲಿ ತೈಲೋದ್ಯಮಿ ಜೆ. ಪಾಲ್ ಗೆಟ್ಟಿ ಅದನ್ನು ಲಾಸ್ ಏಂಜಲೀಸ್‌ನ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು.

ಮನೆಗೆ ಕೊಳ್ಳುವವರಿಗೆ ಇಷ್ಟು ದೊಡ್ಡ ಒಗಟು ಎದುರಾಗದು. ಆದರೂ ಮೋಸಹೋಗಲು ಅವಕಾಶ ಉಂಟು. ಕೈಗಂಟಿನ ರತ್ನಗಂಬಳಿಯಲ್ಲಿ ಪ್ರತಿ ಉಣ್ಣೆ ಎಳೆಯನ್ನು ಹಾಸಿನ ನೂಲುಗಳಿಗೆ ಸುತ್ತಿ ಕತ್ತರಿಸುತ್ತಾರೆ. ಹಾಗಾಗಿ ಮೇಲಿನ ಚಿತ್ತಾರ ಬೆನ್ನಿನಲ್ಲೂ ಚುಕ್ಕಿಚುಕ್ಕಿಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಗಂಟುಗಳ ಸಾಲು ಅಲ್ಲಲ್ಲಿ ತುಸು ಓರೆಯಾಗಿರುತ್ತದೆ. ತುದಿಯ ಕುಚ್ಚು ಹಾಸಿನ ನೂಲಿನದೇ ಮುಂದುವರಿಕೆ. ಬೇರೆಯಾಗಿ ಹೊಲಿದದ್ದಾದರೆ ಸಂಶಯಪಡಬೇಕು. ಬೆನ್ನಿಗೆ ಪೂರ್ತಿ ಬಟ್ಟೆ ಅಂಟಿಸಿದ್ದರೆ, ಅದು ಉಣ್ಣೆಯನ್ನು ಉಪಕರಣದಿಂದ ಬಟ್ಟೆಯೊಳಗೆ ಚುಚ್ಚಿ ಅಂಟು ಬಳಿದ ಬಗೆಯದಾಗಿರಬಹುದು. ಇದನ್ನೂ 'ಕೈಕೆಲಸ' ಎಂದೇ ಮಾರುತ್ತಾರೆ. ಅಂಟು ಒಣಗಿದಂತೆ ಉಣ್ಣೆ ಉದುರತೊಡಗುತ್ತದೆ.

ಬಣ್ಣದ್ದೂ ಒಂದು ಇತಿಹಾಸ. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ಬಣ್ಣ ಕಂಡುಹಿಡಿದ ಮೇಲೆ ಅಗ್ಗದ ಬಣ್ಣಗಳು ಪೂರ್ವದೇಶಗಳ ಮಗ್ಗಗಳಿಗೂ ಬಂದವು. ಆರಂಭದವು ಬಿಸಿಲಿಗೆ ಮಾಸಿದವು, ನೀರಿಗೆ ಹರಡಿದವು. ಇಂದಿನ ಕೃತಕ ಬಣ್ಣಗಳೆಲ್ಲ ಹಾಗಲ್ಲ. ಒದ್ದೆಮಾಡಿದ ಬಿಳಿ ಬಟ್ಟೆಯಿಂದ ಮೆಲ್ಲನೆ ಒರೆಸಿ, ಬಣ್ಣ ಅಂಟುತ್ತದೆಯೇ ಎಂದು ನೋಡುವುದು ಸುಲಭ ಪರೀಕ್ಷೆ.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ಈ ಅಳತೆಗೋಲು ಸಲ್ಲದು. ಅದರಲ್ಲಿ ಗಂಟೂ ಇಲ್ಲ, ಮೇಲೆದ್ದ ಎಳೆಯೂ ಇಲ್ಲ. ಹೊಕ್ಕಿನ ನೂಲೇ ನವಿಲು, ಚೌಕಗಳಾಗಿ ಮೂಡುವುದರಿಂದ ಎರಡೂ ಮಗ್ಗುಲು ಒಂದೇ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೇಯುವವರು ಮಹಿಳೆಯರು. ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದ್ದರೂ ಈ ಕಸುಬು ಕೆಲವೇ ಕುಟುಂಬಗಳಲ್ಲಿ ಉಳಿದಿದೆ.

ಯಂತ್ರದ ಹಾಸನ್ನು ಕೈನೇಯ್ಗೆಯೆಂದು ನಂಬಿ ಹೆಚ್ಚು ಬೆಲೆ ತೆತ್ತರೆ, ನಷ್ಟ ಕೊಂಡವರಿಗೆ ಮಾತ್ರವಲ್ಲ. ನೇಯ್ದ ಕೈಗೆ ಸೇರಬೇಕಾದ ಹಣವೂ ಬೇರೆ ಕಡೆ ಹೋಗುತ್ತದೆ. ಕೊಳ್ಳುವ ಮೊದಲು ಒಮ್ಮೆ ಮಗುಚಿ ನೋಡಲು ಒಂದು ನಿಮಿಷ ಸಾಕು.