ಗಾಜಿನೊಳಗಿನ ಕಡಲು: ಮದರಾಸಿನ ಒಂದು ಮರೆತ ಅಧ್ಯಾಯ

ಚೆನ್ನೈನ ಮರೀನಾ ಕಡಲತೀರದಲ್ಲಿ ಸ್ಮಾರಕಗಳಿಗೂ ಪ್ರತಿಮೆಗಳಿಗೂ ಕೊರತೆಯಿಲ್ಲ. ಕವಿಗಳು, ವಿದ್ವಾಂಸರು, ಮುಖ್ಯಮಂತ್ರಿಗಳು ಅಲ್ಲಿ ಕಲ್ಲಾಗಿ, ಕಂಚಾಗಿ ನಿಂತಿದ್ದಾರೆ. ಆದರೆ ಇದೇ ತೀರದಲ್ಲಿ ಮೂವತ್ತಮೂರು ವರ್ಷ ಬಾಳಿ, ಯುದ್ಧದ ಭೀತಿಗೆ ಸಿಕ್ಕಿ ಮುಚ್ಚಿಹೋದ ಒಂದು ಸಂಸ್ಥೆಯನ್ನು ಇಂದು ನೆನೆಯುವವರು ವಿರಳ. ಅದು 1909ರ ಅಕ್ಟೋಬರ್ 21ರಂದು ಸಾರ್ವಜನಿಕರಿಗೆ ತೆರೆದುಕೊಂಡ ಮದರಾಸಿನ ಕಡಲ ಮತ್ಸ್ಯಾಲಯ. ಭಾರತದಲ್ಲಿ ಇಂಥದ್ದರಲ್ಲಿ ಅದೇ ಮೊದಲನೆಯದೆಂದು ಇತಿಹಾಸಾಸಕ್ತರು ಹೇಳುತ್ತ ಬಂದಿದ್ದಾರೆ.

ಈ ಮರೆತ ಅಧ್ಯಾಯವನ್ನು ನಾವು ಕೆದಕಲು ಹೊರಟದ್ದು ಒಂದು ಸಣ್ಣ ಆಸೆಯ ಬೆನ್ನುಹತ್ತಿ. ನೌಕರಿಯ ನಿಮಿತ್ತ ಈ ಊರಿಗೆ ಬಂದು ನೆಲೆನಿಂತ ನಾವು ಮೂರ್ನಾಲ್ಕು ಕನ್ನಡ ಕುಟುಂಬದವರು ಸೇರಿ, ಮಕ್ಕಳಿಗಾಗಿ ಎಂಬ ನೆವದಲ್ಲಿ, ಉಪ್ಪುನೀರಿನ ಒಂದು ಗಾಜಿನ ತೊಟ್ಟಿಯನ್ನು ಕಟ್ಟಿ ಅದರಲ್ಲಿ ಹವಳದ ದಿಬ್ಬವೊಂದನ್ನು ಬೆಳೆಸಬೇಕೆಂದು ಯೋಚಿಸುತ್ತಿದ್ದೇವೆ. ಕಚೇರಿಯ ಅಭ್ಯಾಸಬಲದಿಂದ ಪ್ರಸ್ತಾವನೆ, ಅಂದಾಜುಪಟ್ಟಿ, ಆಕ್ಷೇಪಣೆ, ಸಮಜಾಯಿಷಿ ಎಲ್ಲವೂ ಕಡತದ ರೀತಿಯಲ್ಲೇ ಸಾಗಿದವು. ಇಂಥ ತೊಟ್ಟಿಗಳನ್ನು ಹಲವು ವರ್ಷಗಳಿಂದ ಸಾಕಿಕೊಂಡು ಬಂದ ಈ ಊರಿನ ಹವ್ಯಾಸಿ ಮಿತ್ರರು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಟ್ಟರು. ಆ ಉತ್ತರಗಳ ಹಿಂದೆ ಹೋದಂತೆ, ಅವರ ಒಂದೊಂದು ಸೂಚನೆಗೂ ಒಂದೊಂದು ಇತಿಹಾಸವಿದೆ ಎಂಬುದು ನಮಗೆ ತಿಳಿಯತೊಡಗಿತು.

ಆ ಇತಿಹಾಸ ಆರಂಭವಾಗುವುದು ಕಡಲಿನಿಂದ ದೂರವಿರುವ ಲಂಡನ್ನಿನ ಒಂದು ಮನೆಯಲ್ಲಿ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕಿಯ ತೀರದಿಂದ ಕೆಲವು ಜೀವಂತ ಹವಳಗಳನ್ನು ತಂದು ವೆಸ್ಟ್‌ಮಿನ್‌ಸ್ಟರ್‌ನ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ನೀರು ಕೆಡದಿರಲು ಅದಕ್ಕೆ ಗಾಳಿ ಬೇಕು. ಗಾಳಿ ಊದುವ ಯಂತ್ರ ಆಗ ಇರಲಿಲ್ಲ. ಮನೆಗೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು ದಿನವೂ ಅರ್ಧ ಮುಕ್ಕಾಲು ಗಂಟೆ ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ನಮ್ಮೂರ ಹೋಟೆಲಿನಲ್ಲಿ ಕಾಫಿ ಎತ್ತಿ ಸುರಿಯುವುದನ್ನು ಕಂಡವರಿಗೆ ಆ ದೃಶ್ಯವನ್ನು ಊಹಿಸುವುದು ಕಷ್ಟವಲ್ಲ. ಆ ಹವಳಗಳು ಬದುಕಿದವು. ಚರಿತ್ರೆಯಲ್ಲಿ ಒಡತಿಯ ಹೆಸರು ಉಳಿಯಿತು. ನೀರು ಸುರಿದ ಕೈಯ ಹೆಸರು ಅವಳೊಂದಿಗೆ ಸಮನಾಗಿ ಉಳಿಯಲಿಲ್ಲ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಮನೆ ತೆರೆಯಿತು. ಅದರ ಹಿಂದೆ ದುಡಿದ ನಿಸರ್ಗವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್, ಮರುವರ್ಷವೇ ಅಕ್ವೇರಿಯಂ ಕುರಿತ ಗ್ರಂಥವೊಂದನ್ನು ಪ್ರಕಟಿಸಿದರು. ಕಡಲಿಗೆ ದೂರದವರಿಗಾಗಿ ಲವಣಗಳನ್ನು ಬೆರೆಸಿ ಕೃತಕ ಕಡಲನೀರು ಮಾಡುವ ವಿಧಾನವನ್ನೂ ಅವರು ಹೇಳಿಕೊಟ್ಟರು. ಫಲವಾಗಿ ಮನೆಮನೆಯ ಪಡಸಾಲೆಗೆ ಗಾಜಿನ ತೊಟ್ಟಿ ಬಂತು. ಜೊತೆಗೆ ಕಡಲತೀರದ ಬಂಡೆಗಳ ಮೇಲೆ ಉಳಿ, ಸುತ್ತಿಗೆ, ಬುಟ್ಟಿ ಹಿಡಿದ ಜನರ ದಂಡೂ ಬಂತು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲ ‘ಫಾದರ್ ಅಂಡ್ ಸನ್’ ಎಂಬ 1907ರ ಆತ್ಮಕಥನದಲ್ಲಿ ಗಾಸ್ ಅವರ ಮಗ ಎಡ್ಮಂಡ್, ತನ್ನ ಬಾಲ್ಯದ ಬಂಡೆಗುಳಿಗಳು ಹೀಗೆ ಬರಿದಾದುದನ್ನು ನೊಂದು ಬರೆದಿದ್ದಾರೆ. ಕಡಲಿನ ಮೇಲಿನ ಪ್ರೀತಿಯನ್ನು ಕಲಿಸಿದ ಪುಸ್ತಕವೇ ಕಡಲ ತೀರವನ್ನು ಬರಿದು ಮಾಡಿತೆಂಬ ಸಂಕಟ ಆ ಪುಟಗಳಲ್ಲಿದೆ. ಕಾಲೇಜಿನಲ್ಲಿ ಆ ಕೃತಿಯನ್ನು ನಂಬಿಕೆ ಮತ್ತು ವಿಜ್ಞಾನಗಳ ಘರ್ಷಣೆಯ ಕಥೆಯೆಂದು ಓದುವುದು ವಾಡಿಕೆ. ಅಂದಾಜುಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಓದಿದಾಗ ಅದು ಬೇರೆಯೇ ಪ್ರಶ್ನೆಯನ್ನು ಕೇಳುತ್ತದೆ.

ಮದರಾಸಿಗೆ ಈ ಹಂಬಲ ಬಂದದ್ದು ಸರ್ಕಾರಿ ದಾರಿಯಲ್ಲಿ. 1905ರಲ್ಲಿ ಗವರ್ನರ್ ಆಗಿದ್ದ ಲಾರ್ಡ್ ಆಂಪ್ಟ್‌ಹಿಲ್, ನಗರಕ್ಕೊಂದು ಕಡಲ ಮತ್ಸ್ಯಾಲಯ ಬೇಕೆಂಬ ಸಲಹೆ ಮುಂದಿಟ್ಟರು. ಕೆಲಸ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಹೆಗಲಿಗೆ ಬಿತ್ತು. ಅದರ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ ಅವರನ್ನು ಕನ್ನಡ ಓದುಗರು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಏಳು ಸಂಪುಟಗಳಿಂದ ಬಲ್ಲರು. ಆ ಸಂಪುಟಗಳು ಹೊರಬಂದದ್ದೂ 1909ರಲ್ಲೇ. ಅದಕ್ಕೆ ಎಷ್ಟೋ ಮೊದಲು ಅವರು ಮನ್ನಾರ್ ಖಾರಿಯ ಮುತ್ತು, ಶಂಖ ಮತ್ತು ಕಡಲಜೀವಿಗಳ ಬಗ್ಗೆ ಬರೆದಿದ್ದರು. ಥರ್ಸ್ಟನ್ 1908ರಲ್ಲಿ ಹುದ್ದೆಯಿಂದ ಇಳಿದರು. ಅವರು ಕಟ್ಟಿದ ಮತ್ಸ್ಯಾಲಯದ ಬಾಗಿಲು ತೆರೆದದ್ದು ಮರುವರ್ಷ. ಅನಂತರ ಅದನ್ನು ನೋಡಿಕೊಂಡವರು ಜೆ. ಆರ್. ಹೆಂಡರ್ಸನ್. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಇವರು, ಏಡಿ ಸಿಗಡಿಗಳ ವರ್ಗದ ಜೀವಿಗಳನ್ನು ಆಳವಾಗಿ ಬಲ್ಲವರು. 1919ರಲ್ಲಿ ಮತ್ಸ್ಯಾಲಯ ಮೀನುಗಾರಿಕೆ ಇಲಾಖೆಯ ವಶಕ್ಕೆ ಹೋಯಿತು. ಹದಿನಾಲ್ಕು ವರ್ಷಗಳಲ್ಲಿ ಯೋಚಿಸಿದವರು, ಕಟ್ಟಿದವರು, ಸಾಕಿದವರು, ವಹಿಸಿಕೊಂಡವರು ಎಲ್ಲರೂ ಬೇರೆಬೇರೆ. ವರ್ಗಾವಣೆಯ ಬದುಕನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಆಶ್ಚರ್ಯವೆಂದರೆ, ಇಷ್ಟು ಕೈ ಬದಲಾದರೂ ಆ ತೊಟ್ಟಿಗಳ ನೀರು ಬತ್ತಲಿಲ್ಲ ಎಂಬುದು.

ಇದರಲ್ಲಿ ಕನ್ನಡದ ಪಾಲೇನು ಎಂದು ಓದುಗರು ಕೇಳಬಹುದು. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತಕ್ಕೆ ಸೇರಿತ್ತು. ಕಾಸರಗೋಡಿನಿಂದ ಕುಂದಾಪುರದ ಆಚೆಯವರೆಗಿನ ಕರಾವಳಿಯ ಮೀನುಗಾರಿಕೆಗೂ ಇದೇ ನಗರವೇ ಕೇಂದ್ರ ಕಚೇರಿ. ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರಿಗೆ ಹೊಸದಾದೀತು. ಇಂದು ಲಕ್ಷದ್ವೀಪಕ್ಕೆ ಸೇರಿದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ ದ್ವೀಪಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕೈಯಿಂದ ಕಂಪನಿಗೆ ಬಂದವು. ಅಲ್ಲಿಂದಾಚೆಗೆ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ಅವೆಲ್ಲ ಹವಳವೇ ಕಟ್ಟಿದ ನೆಲಗಳು. ಒಂದೂವರೆ ಶತಮಾನ ಕಾಲ ಕನ್ನಡ ಜಿಲ್ಲೆಯೊಂದರ ಕಂದಾಯದ ಲೆಕ್ಕಪುಸ್ತಕದಲ್ಲಿ ಹವಳದ್ವೀಪಗಳೂ ಇದ್ದವು. ನವರತ್ನಗಳ ಸಾಲಿನಲ್ಲಿ, ತಾಳಿಸರದ ಎರಡು ಬದಿಯಲ್ಲಿ, ಕಾವ್ಯದ ನಾಯಿಕೆಯ ತುಟಿಯಲ್ಲಿ ನಾವು ಕಂಡ ಹವಳ ಕೆಂಪು ಮಣಿ ಮಾತ್ರ. ಜೀವಂತ ಹವಳವು ನಮ್ಮದೇ ಜಿಲ್ಲೆಯ ಪ್ರಜೆಗಳ ಕಾಲಡಿಯ ನೆಲವಾಗಿತ್ತೆಂಬುದು ನಮ್ಮ ಪಠ್ಯಗಳಿಗೆ ಬರಲೇ ಇಲ್ಲ. ಇಂದಿಗೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

ಮದರಾಸಿನ ಮತ್ಸ್ಯಾಲಯದ ಅಂತ್ಯ ಬಂದದ್ದು 1942ರಲ್ಲಿ. ಆ ಏಪ್ರಿಲ್ ತಿಂಗಳಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. 1914ರಲ್ಲಿ ಜರ್ಮನಿಯ ಎಂಡೆನ್ ಹಡಗು ಬಂದರಿನ ಎಣ್ಣೆ ತೊಟ್ಟಿಗಳಿಗೆ ಗುಂಡಿಟ್ಟದ್ದನ್ನು ಮದರಾಸು ಮರೆತಿರಲಿಲ್ಲ. ಜನ ಗಂಟುಮೂಟೆ ಕಟ್ಟಿದರು. ಸರ್ಕಾರದ ಕಚೇರಿಗಳು ಒಳನಾಡಿಗೆ ಸಾಗಿದವು. ಪೀಪಲ್ಸ್ ಪಾರ್ಕಿನ ಮೃಗಾಲಯದ ಕ್ರೂರ ಪ್ರಾಣಿಗಳನ್ನು ತಪ್ಪಿಸಿಕೊಂಡಾವೆಂಬ ಭಯಕ್ಕೆ ಗುಂಡಿಟ್ಟು ಕೊಂದರು. ಕಡಲತೀರದ ಮತ್ಸ್ಯಾಲಯವನ್ನೂ ಮುಚ್ಚಿದರು. ಜಪಾನೀಯರು ಇಳಿಯಲಿಲ್ಲ, ಯುದ್ಧ ಮುಗಿಯಿತು, ಕಚೇರಿಗಳು ಮರಳಿದವು. ಗಾಜಿನೊಳಗಿನ ಕಡಲು ಮಾತ್ರ ಮರಳಲಿಲ್ಲ. ಕಡತವನ್ನು ಬೀರುವಿನಲ್ಲಿಟ್ಟು ವರ್ಷದ ಮೇಲೆ ತೆರೆದರೂ ಅಕ್ಷರ ಹಾಗೆಯೇ ಇರುತ್ತದೆ. ಉಪ್ಪುನೀರಿನ ತೊಟ್ಟಿಗೆ ಅಂಥ ಸವಲತ್ತಿಲ್ಲ. ಎರಡು ದಿನ ಕೈ ತಪ್ಪಿದರೆ ಅದು ಹೊಸದಾಗಿಯೇ ಆರಂಭವಾಗಬೇಕು.

ಹಾಗೇಕೆಂಬುದನ್ನು ವಿಜ್ಞಾನ ನಿಧಾನವಾಗಿ ಬಿಡಿಸಿ ಹೇಳಿತು. ಮೀನಿನ ವಿಸರ್ಜನೆಯಿಂದ ನೀರಿಗೆ ಅಮೋನಿಯಾ ಸೇರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಸುತ್ತದೆ. ಮಣ್ಣಿನಲ್ಲಿ ನಡೆಯುವ ಈ ಕ್ರಿಯೆಯ ಗುಟ್ಟನ್ನು 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಬಯಲಿಗೆ ತಂದರು. ಅದನ್ನು ಮನೆಯ ತೊಟ್ಟಿಗೆ ಹೊಂದಿಸಿ ತೋರಿದವರಲ್ಲಿ ಜಕಾರ್ತದ ಹವ್ಯಾಸಿ ಲೀ ಚಿನ್ ಎಂಗ್ ಪ್ರಮುಖರು. ದೊಡ್ಡ ಯಂತ್ರಗಳಿಲ್ಲದೆ, ಜೀವಿಗಳು ತುಂಬಿದ ಕಡಲಕಲ್ಲು, ಗಾಳಿಯ ಗುಳ್ಳೆ ಮತ್ತು ಬಿಸಿಲುಗಳಿಂದಲೇ ಹವಳ ಬದುಕಬಲ್ಲದೆಂದು ಅವರು 1961ರಲ್ಲಿ ಬರೆದರು. ಹವಳದ ಒಡಲಲ್ಲಿ ಸೂಕ್ಷ್ಮ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರ ತಯಾರಿಸಿ, ಆಶ್ರಯ ಕೊಟ್ಟವರಿಗೆ ಉಣಿಸುತ್ತವೆ. ನೀರು ಹೆಚ್ಚು ಬಿಸಿಯಾದರೆ ಈ ಕೂಡುಬಾಳ್ವೆ ಮುರಿದು ಹವಳ ಬಿಳಿಚುತ್ತದೆ.

ನಮ್ಮ ಹವ್ಯಾಸಿ ಮಿತ್ರರ ಮಾತು ನೇರವಾಗಿ ಇಲ್ಲಿಗೇ ಬಂತು. ‘ಸಾರ್, ಮೊದಲು ನೀರನ್ನು ಸಾಕಿ, ಮೀನು ಆಮೇಲೆ’ ಎಂದರು, ಈ ಊರಿನ ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಹೆಸರಾದ ಕೊಳತ್ತೂರಿನ ಒಬ್ಬರು. ಇನ್ನೂರು ಲೀಟರಿನ ತೊಟ್ಟಿಗೆ, ಲೀಟರಿಗೆ 35 ಗ್ರಾಮಿನಂತೆ, ಏಳು ಕಿಲೋ ಲವಣಮಿಶ್ರಣ ಬೇಕು. ಅದು ಅಡುಗೆಯ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಪ್ರಮಾಣಬದ್ಧವಾಗಿ ಇರುವಂಥದ್ದು. ಸಾಂದ್ರತೆ 1.025ರ ಆಸುಪಾಸು ನಿಲ್ಲಬೇಕು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬರಿಯ ನೀರನ್ನೂ ಕಲ್ಲನ್ನೂ ನೋಡುತ್ತ ಕೂರಬೇಕು. ನೀರು, ಗಾಜು, ಕಲ್ಲು, ಮರಳು ಸೇರಿ ತೂಕ ಮುನ್ನೂರು ಕಿಲೋ ಮುಟ್ಟುವುದರಿಂದ ಗೋಡೆಯ ಬದಿಯ ಗಟ್ಟಿ ನೆಲವೇ ಆಗಬೇಕು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತೊಟ್ಟಿಯೊಳಗೆ 26ರ ಸುಮಾರು ಇರಬೇಕಾದರೆ ತಂಪು ಮಾಡುವ ಯಂತ್ರ ಬೇಕು. ಕರೆಂಟು ಹೋದಾಗ ಗಾಳಿ ಊದಲು ಬ್ಯಾಟರಿ ಬೇಕು. ಇದರಲ್ಲೊಂದು ವಿನೋದವೂ ಇದೆ. 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ ಕೊಡಗಳ ಸಾಲು ನಿಂತ ನಗರವಿದು. ಮಿಂಜೂರಿನಲ್ಲಿ 2010ರಿಂದ, ನೆಮ್ಮೇಲಿಯಲ್ಲಿ 2013ರಿಂದ ಕಡಲನೀರಿನ ಉಪ್ಪು ತೆಗೆದು ಕುಡಿಯಲು ಕೊಡುತ್ತಿದ್ದಾರೆ. ನಾವು ಆ ನೀರನ್ನು ಮತ್ತೆ ಸೋಸಿ, ಮತ್ತೆ ಉಪ್ಪು ಬೆರೆಸಿ, ಕಡಲು ಮಾಡಲು ಹೊರಟಿದ್ದೇವೆ!

ಕಡತದಲ್ಲಿ ಉಳಿದಿದ್ದ ಕೊನೆಯ ಆಕ್ಷೇಪಣೆ ಹವಳದ್ದೇ. ಮನ್ನಾರ್ ಖಾರಿಯಲ್ಲಿ ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದರು. ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಡಿ ಸೇರಿದ್ದಕ್ಕೆ ಈ ಅಗೆತವನ್ನೇ ತಜ್ಞರು ಕಾರಣವಾಗಿ ಹೇಳುತ್ತಾರೆ. 1986ರಲ್ಲಿ ಆ ದ್ವೀಪಸಮೂಹ ಕಡಲ ರಾಷ್ಟ್ರೀಯ ಉದ್ಯಾನವಾಯಿತು. 1998ರಲ್ಲಿ ಕಡಲು ಬಿಸಿಯಾಗಿ ಅಲ್ಲಿಯೂ ಲಕ್ಷದ್ವೀಪದಲ್ಲಿಯೂ ಹವಳಗಳು ಬೆಳ್ಳಗಾಗಿ ಸತ್ತವು. 2001ರಲ್ಲಿ ಕೇಂದ್ರ ಸರ್ಕಾರವು ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ, ಹುಲಿಗಿರುವ ರಕ್ಷಣೆಯನ್ನೇ ಅವಕ್ಕೂ ಕೊಟ್ಟಿತು. ನಮ್ಮ ಕಡಲಿನ ಹವಳವನ್ನು ಕೀಳುವುದೂ ಮಾರುವುದೂ ಅಪರಾಧ; ಸತ್ತ ತುಂಡಿಗೂ ಈ ಮಾತು ಅನ್ವಯಿಸುತ್ತದೆ. ಕಾನೂನು ಹೇಳಿದ್ದು 2001ರಲ್ಲಿ. ಎಡ್ಮಂಡ್ ಗಾಸ್ ಹೇಳಿದ್ದು 1907ರಲ್ಲಿ. ಇಬ್ಬರ ತಾತ್ಪರ್ಯವೂ ಒಂದೇ: ಮನೆಗೆ ಕಡಲನ್ನು ತರುವ ಆಸೆ ಕಡಲಿನ ಖರ್ಚಿನಲ್ಲಿ ನಡೆಯಬಾರದು.

ಹೀಗಾಗಿ ನಮ್ಮ ತೀರ್ಮಾನ ಸರಳವಾಯಿತು. ಕಡಲಿನಿಂದ ಕಿತ್ತ ಹವಳವಾಗಲಿ ಕಲ್ಲಾಗಲಿ ನಮ್ಮ ತೊಟ್ಟಿಗೆ ಬೇಡ. ಸಿಮೆಂಟಿನಿಂದ ಎರಕ ಹೊಯ್ದ ಕಲ್ಲು ಸಾಕು. ಬ್ಯಾಕ್ಟೀರಿಯಾಗಳು ಅದರಲ್ಲಿಯೂ ಮನೆ ಮಾಡಬಲ್ಲವು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಂಡಪಂ ಮತ್ತು ವಿಳಿಂಞಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ಸಿದ್ಧಪಡಿಸಿದ್ದಾರೆ. ಹಾಗೆ ತೊಟ್ಟಿಯಲ್ಲೇ ಹುಟ್ಟಿದ ಒಂದು ಜೋಡಿ ಕಿತ್ತಳೆ ಮೀನು ಮೊದಲಿಗೆ ಬರಲಿ. ಹವಳವನ್ನು ನೋಡಲೇಬೇಕೆನಿಸಿದರೆ ಮಕ್ಕಳನ್ನು ಕರೆದುಕೊಂಡು ನೇತ್ರಾಣಿಗೆ ಹೋಗಬಹುದು; ಅದು ಇರುವಲ್ಲಿಯೇ ಇರಲಿ, ನಾವೇ ಅಲ್ಲಿಗೆ ಹೋಗೋಣ.

ಅಂದಾಜುಪಟ್ಟಿಗೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇವೆ. ಅದು ಹಣದ್ದಲ್ಲ. ನಮ್ಮಲ್ಲಿ ಯಾರಿಗೆ ಯಾವಾಗ ಎಲ್ಲಿಗೆ ವರ್ಗವಾಗುವುದೋ ತಿಳಿಯದು. ಆದ್ದರಿಂದ ತೊಟ್ಟಿ ಯಾರ ಮನೆಯಲ್ಲಿದ್ದರೂ, ಅದರ ನೀರು ಅಳೆಯುವುದನ್ನು ಪ್ರತಿ ಮನೆಯ ಒಬ್ಬರಾದರೂ ಕಲಿತಿರಬೇಕು. ಹೊರಡುವವರು ತಮ್ಮ ಬದಲಿಗೆ ಒಬ್ಬರನ್ನು ತಯಾರು ಮಾಡಿಯೇ ಹೊರಡಬೇಕು. ಥರ್ಸ್ಟನ್ ಹೋದಾಗ ಹೆಂಡರ್ಸನ್ ಇದ್ದರು. ಹೆಂಡರ್ಸನ್ ನಂತರ ಒಂದು ಇಲಾಖೆ ಇತ್ತು. 1942ರಲ್ಲಿ ಎಲ್ಲರೂ ಒಮ್ಮೆಗೇ ಹೊರಟುಬಿಟ್ಟರು, ನೀರಿನ ಬಳಿ ಯಾರೂ ಉಳಿಯಲಿಲ್ಲ. ಪರಊರಿನಲ್ಲಿ ಕನ್ನಡದ ಬಳಗಗಳನ್ನು ನಡೆಸಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.