ಸ್ಟೆಪ್ನಿ ಹುಟ್ಟಿದ ಬೀದಿ, ಡಿಕ್ಕಿಯಲ್ಲಿ ಕೂತ ಪೆಟ್ಟಿಗೆ

ಹೆದ್ದಾರಿಯ ಬದಿಯ ಯಾವ ಪಂಕ್ಚರ್ ಅಂಗಡಿಗೆ ಹೋಗಿ ‘ಸ್ಟೆಪ್ನಿ’ ಎಂದರೂ ಅರ್ಥವಾಗುತ್ತದೆ. ಕಾರಿನಲ್ಲಿ, ಲಾರಿಯಲ್ಲಿ, ಬಸ್ಸಿನಲ್ಲಿ ಇರುವ ಹೆಚ್ಚುವರಿ ಚಕ್ರಕ್ಕೆ ಕನ್ನಡಿಗರಿಗೆ ಬೇರೆ ಹೆಸರೇ ಗೊತ್ತಿಲ್ಲ. ಇದು ಅಪ್ಪಟ ಇಂಗ್ಲಿಷ್ ಪದವೆಂದೇ ಎಲ್ಲರ ನಂಬಿಕೆ. ಆದರೆ ಇಂದಿನ ಇಂಗ್ಲೆಂಡಿನಲ್ಲಿ ಯಾರಾದರೂ ಮೆಕ್ಯಾನಿಕ್ಕನ ಬಳಿ ‘ಸ್ಟೆಪ್ನಿ ಬದಲಿಸಿ’ ಎಂದರೆ ಆತ ಮಿಕಿಮಿಕಿ ನೋಡಿಯಾನು. ಲಂಡನ್ನಿನಲ್ಲಿ ಆ ಹೆಸರಿನ ಒಂದು ಬಡಾವಣೆ ಇದೆ, ಅಷ್ಟೇ. ಚಕ್ರಕ್ಕೂ ಆ ಬಡಾವಣೆಗೂ ಸಂಬಂಧವಿಲ್ಲ.

ಸಂಬಂಧ ಇರುವುದು ವೇಲ್ಸ್ ಪ್ರಾಂತ್ಯದ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಗೆ. ಅಲ್ಲಿದ್ದ ಡೇವಿಸ್ ಸೋದರರ ಕಾರ್ಯಾಗಾರದಲ್ಲಿ 1904ರಲ್ಲಿ ಹೊಸದೊಂದು ಚಕ್ರ ತಯಾರಾಯಿತು. ಬೀದಿಯ ಹೆಸರೇ ಅದಕ್ಕೆ ಅಂಟಿಕೊಂಡಿತು. ಹಡಗು ಹತ್ತಿ ದೇಶದೇಶಕ್ಕೆ ಹೋದ ಆ ಚಕ್ರ ಮುಂದೆ ಮೂಲೆಗುಂಪಾಯಿತು, ಹೆಸರು ಮಾತ್ರ ಉಳಿಯಿತು. ಭಾರತದಲ್ಲಿ, ಬಾಂಗ್ಲಾದೇಶದಲ್ಲಿ, ಮಾಲ್ಟಾ ದ್ವೀಪದಲ್ಲಿ ಇಂದಿಗೂ ಅದು ‘ಸ್ಟೆಪ್ನಿ’. ಬ್ರೆಜಿಲ್‌ನವರ ಬಾಯಲ್ಲಿ ‘ಎಸ್ಟೆಪಿ’. ನಮ್ಮಲ್ಲಂತೂ ಒಬ್ಬರ ಬದಲಿಗೆ ಕೆಲಸಕ್ಕೆ ಬಂದವರನ್ನೂ ತಮಾಷೆಗೆ ಸ್ಟೆಪ್ನಿ ಎನ್ನುವುದುಂಟು!

ಹೆಚ್ಚುವರಿ ಚಕ್ರವೊಂದು ಅಷ್ಟು ದೊಡ್ಡ ಸಂಗತಿಯೇ ಎಂದು ಈಗ ಅನಿಸಬಹುದು. ಆ ಕಾಲದ ಕಾರುಗಳ ಚಕ್ರವನ್ನು ಇಂದಿನಂತೆ ನಾಲ್ಕು ನಟ್ಟು ಬಿಚ್ಚಿ ತೆಗೆಯುವಂತಿರಲಿಲ್ಲ. ಮರದ ಅರಗಳ ಚಕ್ರ ಅಚ್ಚಿಗೆ ಕೂತಲ್ಲೇ ಇರುತ್ತಿತ್ತು. ರಸ್ತೆಯಲ್ಲಿ ಓಡಾಡುತ್ತಿದ್ದುದು ಹೆಚ್ಚಾಗಿ ಕುದುರೆಗಾಡಿಗಳು, ಲಾಳದಿಂದ ಉದುರಿದ ಮೊಳೆಗಳು ಎಲ್ಲೆಲ್ಲೂ ಬಿದ್ದಿರುತ್ತಿದ್ದವು. ಮೊಳೆ ಚುಚ್ಚಿದರೆ ಚಾಲಕ ರಸ್ತೆಯ ದೂಳಿನಲ್ಲೇ ಕೂತು ಸಲಾಕೆಯಿಂದ ಟೈರನ್ನು ರಿಮ್ಮಿನಿಂದ ಎಬ್ಬಿಸಬೇಕು, ಟ್ಯೂಬು ಹೊರಗೆಳೆದು ತೂತು ಹುಡುಕಬೇಕು, ಅಂಟು ಹಚ್ಚಿ ತೇಪೆ ಹಾಕಬೇಕು, ಮತ್ತೆ ಒಳಗೆ ತುರುಕಿ ಕೈಪಂಪಿನಿಂದ ಗಾಳಿ ತುಂಬಬೇಕು. ಮಳೆಯಲ್ಲಾದರೂ ಅಷ್ಟೇ, ಕತ್ತಲಲ್ಲಾದರೂ ಅಷ್ಟೇ.

ಡೇವಿಸ್ ಸೋದರರು ಈ ಗೋಳಿಗೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಅವರ ಚಕ್ರಕ್ಕೆ ಅರಗಳಿರಲಿಲ್ಲ, ನಡುವಿನ ಭಾಗವೂ ಇರಲಿಲ್ಲ. ಬಳೆಯಂಥ ಒಂದು ಉಕ್ಕಿನ ಸುತ್ತು, ಅದರ ಮೇಲೆ ಮೊದಲೇ ಗಾಳಿ ತುಂಬಿದ ಟೈರು. ಪಂಕ್ಚರಾದ ಚಕ್ರವನ್ನು ಬಿಚ್ಚುವ ಗೋಜಿಗೇ ಹೋಗದೆ ಅದರ ಪಕ್ಕಕ್ಕೆ ಈ ಬಳೆಯನ್ನು ಹಿಡಿಕೆಗಳಿಂದ ಬಿಗಿದರೆ ಆಯಿತು, ಗಾಡಿ ಹೊರಡುತ್ತಿತ್ತು. ತೇಪೆ ಹಾಕುವ ಕೆಲಸವನ್ನು ಮನೆಗೆ ಹೋಗಿ ಮಾಡಿಕೊಳ್ಳಬಹುದಿತ್ತು. ಕೆಲವೇ ವರ್ಷಗಳಲ್ಲಿ, ಲಂಡನ್ನಿನ ಟ್ಯಾಕ್ಸಿಗಳೆಲ್ಲ ತನ್ನ ಚಕ್ರವನ್ನೇ ಹೊತ್ತು ಓಡುತ್ತವೆಂದು ಕಂಪೆನಿ ಹೇಳಿಕೊಳ್ಳುವಷ್ಟು ವ್ಯಾಪಾರ ಬೆಳೆಯಿತು. ಆದರೆ ಚಕ್ರವನ್ನೇ ಪೂರ್ತಿಯಾಗಿ ಕಳಚಿ ಇನ್ನೊಂದನ್ನು ತೊಡಿಸುವ ವಿಧಾನ ಬಂದ ಮೇಲೆ ಇದರ ಕಾಲ ಮುಗಿಯಿತು.

ಆಪತ್ತಿಗೆಂದು ಮೊದಲೇ ಏನನ್ನಾದರೂ ಕಟ್ಟಿಕೊಂಡು ಹೊರಡಬೇಕೆಂಬ ಬುದ್ಧಿ ಮೋಟಾರಿನ ಜೊತೆಗೇ ಹುಟ್ಟಿದ್ದಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ್ದ ಮೂರು ಚಕ್ರದ ಮೋಟಾರನ್ನು ಆತನಿಗೆ ತಿಳಿಸದೆ ಹೊರಡಿಸಿದಳು. ಜೊತೆಗಿದ್ದವರು ಹದಿಹರೆಯದ ಇಬ್ಬರು ಮಕ್ಕಳು, ಓಯ್ಗೆನ್ ಮತ್ತು ರಿಚರ್ಡ್. ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಮೋಟಾರು ವಾಹನ ಅಷ್ಟು ದೂರ ಹೋದದ್ದು ಅದೇ ಮೊದಲು. ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಯ ಪಿನ್ನಿನಿಂದ ಬಿಡಿಸಿದಳು. ವಿದ್ಯುತ್ ತಂತಿ ಕೆಟ್ಟಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಂಧನ ಮುಗಿದಾಗ ವೀಸ್ಲೋಕ್ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಕೊಂಡಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ತೊಗಲು ಹೊಡೆಸಿದಳು. ಪೆಟ್ಟಿಗೆಯಿಲ್ಲದೆ ಹೊರಟ ಆಕೆಗೆ ಮೈಮೇಲಿದ್ದದ್ದೇ ಉಪಕರಣವಾಯಿತು, ದಾರಿಯ ಊರುಗಳೇ ಕಾರ್ಖಾನೆಯಾದವು.

ಕಾಕತಾಳೀಯವೆಂಬಂತೆ ಅದೇ 1888ರಲ್ಲಿ ಇನ್ನೆರಡು ಸಂಗತಿಗಳು ನಡೆದವು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಈ ಪೆಟ್ಟಿಗೆ ಸಿದ್ಧವಾದದ್ದು ಮೋಟಾರಿಗಾಗಿ ಅಲ್ಲ, ರೈಲು ಹಳಿ ಹಾಕುವ ಕೂಲಿಗಳಿಗಾಗಿ. ವೈದ್ಯರಿಲ್ಲದ ಬಯಲಿನಲ್ಲಿ ಕೈಕಾಲು ಜಜ್ಜಿಕೊಂಡವರಿಗೆ ಗಾಯಕಟ್ಟು ಬೇಕಾಗಿತ್ತು. ರೈಲಿನಿಂದ ರಸ್ತೆಗೆ ಈ ಪೆಟ್ಟಿಗೆ ಇಳಿದು ಬರುವ ಹೊತ್ತಿಗೆ ಬಹಳ ಕಾಲವೇ ಸರಿಯಿತು.

ಮೊದಲ ದಶಕಗಳ ಮೋಟಾರಿಗರ ಚಿಂತೆಯೆಲ್ಲ ಯಂತ್ರದ ಬಗ್ಗೆಯೇ ಇತ್ತು. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಮಿಶೆಲಿನ್ ಸೋದರರು ಕಾರಿಗೆ ಗಾಳಿ ಟೈರು ತೊಡಿಸಿ ಹೊರಟು, ದಾರಿಯುದ್ದಕ್ಕೂ ಪಂಕ್ಚರ್ ತಿದ್ದುತ್ತಲೇ ಕಾಲ ಕಳೆದರು. ಗೆಲ್ಲಲಿಲ್ಲ, ಆದರೆ ಪಾಠ ಕಲಿತರು. 1900ರಲ್ಲಿ ಅವರು ಚಾಲಕರಿಗೆ ಉಚಿತವಾಗಿ ಹಂಚಿದ ಕೆಂಪು ಕೈಪಿಡಿಯಲ್ಲಿ ಟೈರು ಬಿಚ್ಚಿ ಕೂರಿಸುವ ವಿಧಾನವಿತ್ತು. ಯಾವ ಊರಿನಲ್ಲಿ ಪೆಟ್ರೋಲು ಸಿಗುತ್ತದೆ, ಎಲ್ಲಿ ಮೆಕ್ಯಾನಿಕ್ಕನಿದ್ದಾನೆ ಎಂಬ ವಿವರವಿತ್ತು. ಇಂದು ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಹುಟ್ಟಿದ್ದು ಹೀಗೆ, ಕೆಟ್ಟು ನಿಂತ ಕಾರಿನವರಿಗೆ ದಾರಿ ತೋರಿಸಲು! 1906ರಲ್ಲಿ ಲ ಮಾನ್ ಬಳಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿ ಓಟದಲ್ಲಿ ಹಂಗೆರಿಯ ಫೆರೆನ್ಸ್ ಸಿಸ್ ರೆನೋ ಕಾರಿನಲ್ಲಿ ಗೆದ್ದ. ಟೈರು ಕೆಟ್ಟರೆ ಚಾಲಕ ಮತ್ತು ಆತನ ಜೊತೆಗಿರುವ ಮೆಕ್ಯಾನಿಕ್ ಇಬ್ಬರೇ ಸರಿಮಾಡಬೇಕೆಂಬ ನಿಯಮ ಅಲ್ಲಿತ್ತು. ರೆನೋ ಕಾರಿಗೆ ಮಿಶೆಲಿನ್‌ನವರ ಕಳಚುವ ರಿಮ್ಮುಗಳಿದ್ದವು. ಇತರರು ಚಾಕು ಹಿಡಿದು ಟೈರು ಕೊಯ್ಯುತ್ತಿದ್ದಾಗ ಇವರು ಕೆಲವೇ ನಿಮಿಷಗಳಲ್ಲಿ ರಿಮ್ಮನ್ನೇ ಬದಲಿಸಿ ಹೊರಡುತ್ತಿದ್ದರು.

ಓಟದ ಹಾದಿಯಲ್ಲಾದರೆ ಊರುಗಳಿದ್ದವು. ಅಮೆರಿಕದ ಬಯಲುಗಳಲ್ಲಿ ಅದೂ ಇರಲಿಲ್ಲ. 1903ರಲ್ಲಿ ಹೊರೇಷಿಯೊ ಜಾಕ್ಸನ್ ಎಂಬ ವೈದ್ಯ ಐವತ್ತು ಡಾಲರ್ ಪಣ ಕಟ್ಟಿ, ಸ್ಯೂವೆಲ್ ಕ್ರಾಕರ್ ಎಂಬ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ ಹೊರಟ. ವಿಂಟನ್ ಕಾರಿನಲ್ಲಿ ಆತ ತುಂಬಿಕೊಂಡಿದ್ದು ಏನೇನು? ಮಲಗುವ ಚೀಲ, ರಬ್ಬರಿನ ಕೋಟು, ಕೊಡಲಿ, ಸನಿಕೆ, ಹಗ್ಗ–ರಾಟೆ, ಬಂದೂಕು, ಮೀನು ಹಿಡಿಯುವ ಕೋಲು, ಕ್ಯಾಮೆರಾ. ಹಳ್ಳಕೊಳ್ಳದ ದಾರಿಯಲ್ಲಿ ಸಾಮಾನು ಒಂದೊಂದಾಗಿ ಉದುರಿಹೋಯಿತು. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಹಗ್ಗ: ಕೆಸರಿನಿಂದ ಕಾರನ್ನು ಎಳೆಯಲೂ ಅದೇ, ಟೈರಿಲ್ಲದಾಗ ಚಕ್ರಕ್ಕೆ ಸುತ್ತಲೂ ಅದೇ. ಅಂತೂ 63 ದಿನಗಳಲ್ಲಿ ಊರು ಸೇರಿದ. 1909ರಲ್ಲಿ 22ರ ಹರೆಯದ ಆಲಿಸ್ ರಾಮ್ಸಿ, ಕಾರು ಓಡಿಸಲು ಬಾರದ ಮೂವರು ಗೆಳತಿಯರನ್ನು ಕೂರಿಸಿಕೊಂಡು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 59 ದಿನಗಳಲ್ಲಿ ಹೋದಾಗ 11 ಬಾರಿ ಟೈರು ಬದಲಿಸಬೇಕಾಯಿತು. ರೇಡಿಯೇಟರಿಗೆ ಹಳ್ಳದ ನೀರು ತಂದದ್ದು ಗೆಳತಿಯರ ಪ್ರಸಾಧನದ ಪುಟ್ಟ ಸೀಸೆಗಳಲ್ಲಿ.

ಅದೇ ವರ್ಷ ಇಂಗ್ಲೆಂಡಿನ ಡೊರೊಥಿ ಲೆವಿಟ್ ಬರೆದ ‘ದಿ ವುಮನ್ ಅಂಡ್ ದಿ ಕಾರ್’ ಪುಸ್ತಕ ಪ್ರಕಟವಾಯಿತು. ಸೀಟಿನ ಕೆಳಗಿನ ಸಣ್ಣ ಸೆಳೆಖಾನೆಯಲ್ಲಿ ಕೈಗವಸು, ಕರವಸ್ತ್ರ, ಚಾಕೊಲೇಟ್ ಇರಲಿ ಎಂದ ಲೆವಿಟ್, ಒಂಟಿಯಾಗಿ ಹೋಗುವ ಹೆಂಗಸರು ಪಿಸ್ತೂಲನ್ನೂ ಇಟ್ಟುಕೊಳ್ಳಲಿ ಎಂದು ಸಲಹೆ ಮಾಡಿದಳು. ಕೈಗನ್ನಡಿಯೂ ಬೇಕು, ಆಗಾಗ ಎತ್ತಿ ಹಿಡಿದು ಹಿಂದಿನ ರಸ್ತೆ ನೋಡಬಹುದು ಎಂದಳು. ಕಾರಿನೊಳಗೆ ಈಗ ಎಲ್ಲರೂ ಕಾಣುವ ಹಿನ್ನೋಟದ ಕನ್ನಡಿ ಹೀಗೆ ಸೆಳೆಖಾನೆಯೊಳಗಿನ ಒಂದು ವಸ್ತುವಾಗಿತ್ತು. ಪಿಸ್ತೂಲಿನ ಸಲಹೆ ಅದೃಷ್ಟವಶಾತ್ ಅಷ್ಟು ಚಾಲ್ತಿಗೆ ಬರಲಿಲ್ಲ.

ನಮ್ಮ ಕಡೆಯ ಪೆಟ್ಟಿಗೆಯದ್ದು ಬೇರೆಯೇ ಬಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಹಿಂಬದಿಗೆ ಕಟ್ಟಿದ ಒಲೆ, ಇದ್ದಿಲಿನ ಚೀಲ, ಕೆದಕುವ ಸಲಾಕೆ, ನೀರಿನ ಡಬ್ಬ ಇಷ್ಟೂ ಇಲ್ಲದೆ ಬಸ್ಸು ಹೊರಡುವಂತಿರಲಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ನೂಕುವುದೂ ಟಿಕೀಟಿನೊಳಗೇ ಸೇರಿತ್ತು! ಘಟ್ಟದ ರಸ್ತೆಗಳಲ್ಲಿ ಕ್ಲೀನರನ ಕೈಯಲ್ಲೊಂದು ಮರದ ತುಂಡು ಸದಾ ಸಿದ್ಧ. ಗಾಡಿ ಹಿಂದಕ್ಕೆ ಜಾರುವ ಮುನ್ನ ಹಾರಿ ಇಳಿದು ಗಾಲಿಗೆ ಅಡ್ಡ ಕೊಡುವುದು ಅವನ ಕಸುಬು. ಕ್ಲೀನರ್ ಎಂಬ ಹೆಸರು ಅವನಿಗೆ ನ್ಯಾಯ ಮಾಡುವುದಿಲ್ಲ. ಎಷ್ಟೋ ಬಸ್ಸುಗಳಿಗೆ ಅವನೇ ಎರಡನೇ ಬ್ರೇಕು.

1957ರಲ್ಲಿ ಅಂಬಾಸಿಡರ್ ಕಾರು ಬಂದ ಮೇಲೆ ಡಿಕ್ಕಿಯ ಸಾಮಾನಿಗೆ ಒಂದು ಕ್ರಮ ಬಂತು. ಕುದುರೆಗಾಡಿಯ ಹಿಂಬದಿಯ ಆಸನಕ್ಕೆ ಇಂಗ್ಲಿಷರು ಇಟ್ಟಿದ್ದ ‘ಡಿಕಿ’ ಎಂಬ ಹೆಸರು ಕನ್ನಡದಲ್ಲಿ ಸಾಮಾನಿಡುವ ಜಾಗವಾಗಿದೆ. ಗಾಡಿಗೆ ಗಾಡಿ ಗುದ್ದಿದರೂ ಅದು ‘ಡಿಕ್ಕಿ’ಯೇ. ಅಂಬಾಸಿಡರಿನ ಡಿಕ್ಕಿ ತೆರೆದರೆ ಸ್ಟೆಪ್ನಿ, ಜಾಕ್, ಸ್ಪ್ಯಾನರುಗಳು, ಫ್ಯಾನ್ ಬೆಲ್ಟು, ಪ್ಲಗ್ಗು, ತಂತಿ, ಹಳೇ ಬಟ್ಟೆ, ನೀರಿನ ಕ್ಯಾನು, ಜೊತೆಗೆ ಮುಂದಿನಿಂದ ತಿರುಗಿಸಿ ಎಂಜಿನ್ ಚಾಲೂ ಮಾಡುವ ಹ್ಯಾಂಡಲು. 1912ರಲ್ಲೇ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದಿದ್ದರೂ ಈ ಹ್ಯಾಂಡಲಿನ ಹಂಗು ನಮಗೆ ಬಹುಕಾಲ ತಪ್ಪಲಿಲ್ಲ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪಿನ ಬಿಲ್ಲೆಯನ್ನು ತಿಕ್ಕಿ ಮುಚ್ಚುವ ವಿದ್ಯೆ ಚಾಲಕರಿಗೆ ಗೊತ್ತಿತ್ತು, ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆಯುಧಪೂಜೆಯ ದಿನ ಈ ಸಾಮಾನೆಲ್ಲ ಹೊರಬಂದು ಅರಿಶಿನ–ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. ಜಾಕ್ ಕೆಲಸ ಮಾಡುತ್ತದೋ, ಸ್ಟೆಪ್ನಿಯಲ್ಲಿ ಗಾಳಿ ಇದೆಯೋ ಎಂಬುದು ಎಷ್ಟೋ ಮನೆಗಳಲ್ಲಿ ಪತ್ತೆಯಾಗುತ್ತಿದ್ದುದೇ ಆ ದಿನ.

1983ರ ಕೊನೆಯಲ್ಲಿ ಮಾರುತಿ 800 ಬಂತು. ಎಂಜಿನ್‌ಗಳು ಹೆಚ್ಚು ನಂಬಿಕಸ್ಥವಾದವು, ದಾರಿಬದಿಯಲ್ಲಿ ಗ್ಯಾರೇಜುಗಳು ಹೆಚ್ಚಿದವು. ಹ್ಯಾಂಡಲು ಹೋಯಿತು, ಬೆಲ್ಟು ಹೋಯಿತು, ಪ್ಲಗ್ಗು ಬಿಚ್ಚುವ ವಿದ್ಯೆಯೂ ಹೋಯಿತು. ಅದರಲ್ಲಿ ದುಃಖಪಡುವಂಥದ್ದೇನಿಲ್ಲ. ಆದರೆ ಯಂತ್ರ ಕೆಡುವುದು ಕಡಿಮೆಯಾದ ಕಾಲಕ್ಕೇ ರಸ್ತೆಯ ವೇಗ ಏರಿತು ಎಂಬುದನ್ನು ಡಿಕ್ಕಿ ತುಂಬುವವರು ಅಷ್ಟಾಗಿ ಗಮನಿಸಲಿಲ್ಲ. ಇಂದು ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಕೆಟ್ಟದ್ದಕ್ಕಿಂತ ನಿಂತದ್ದೇ ದೊಡ್ಡ ಅಪಾಯ. ಹಿಂದಿನಿಂದ ಬರುವವರಿಗೆ ಅದು ಕಾಣಬೇಕು.

ಲಾರಿಯವರಿಗೆ ಇದು ಮೊದಲಿನಿಂದಲೂ ಗೊತ್ತು. ಗಿಡದ ಸೊಪ್ಪು ಮುರಿದು ಹಿಂಬದಿಗೆ ಸಿಕ್ಕಿಸಿ, ರಸ್ತೆಯ ಮೇಲೆ ಕಲ್ಲುಗಳನ್ನು ಸಾಲಾಗಿ ಇಡುವುದು ಅವರ ಪದ್ಧತಿ. ಹಗಲಿನಲ್ಲಿ ಸೊಪ್ಪು ಕಾಣುತ್ತದೆ. ಇರುಳಿನಲ್ಲಿ ಸೊಪ್ಪೂ ಕಾಣದು, ಕಲ್ಲೂ ಕಾಣದು. ಲಾರಿ ರಿಪೇರಿಯಾಗಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು, ಆಮೇಲೆ ಬಂದ ಬೈಕಿನವನನ್ನು ಕೆಡವುತ್ತದೆ. ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನ ಈ ಕೆಲಸಕ್ಕೆಂದೇ ಇರುವುದು. ಕಾರಿನ ಕಾಲಬುಡದಲ್ಲಲ್ಲ, ಸಾಕಷ್ಟು ಹಿಂದೆ ಇಟ್ಟರೆ ಮಾತ್ರ ಅದರಿಂದ ಉಪಯೋಗ. ಅನೇಕ ಕಾರುಗಳಲ್ಲಿ ಅದು ಕೊಂಡ ದಿನದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಮಲಗಿರುತ್ತದೆ.

ಔಷಧದ ಪೆಟ್ಟಿಗೆಯ ಗತಿಯೂ ಇಷ್ಟೇ. ಬಸ್ಸುಗಳಲ್ಲಿ ‘ಪ್ರಥಮ ಚಿಕಿತ್ಸೆ’ ಎಂದು ಬರೆದ ಪೆಟ್ಟಿಗೆಯನ್ನು ಎಲ್ಲರೂ ನೋಡಿದ್ದಾರೆ, ಅದರ ಒಳಗನ್ನು ನೋಡಿದವರು ಕಡಿಮೆ. ಗಾಯಾಳುವನ್ನು ವೈದ್ಯರ ಬಳಿಗೆ ಒಯ್ಯುವುದು ಅಪಘಾತ ಮಾಡಿದ ವಾಹನದ ಚಾಲಕನ ಕರ್ತವ್ಯವೆಂದು 1988ರ ಮೋಟಾರು ವಾಹನ ಕಾಯ್ದೆಯ 134ನೇ ವಿಧಿ ಹೇಳುತ್ತದೆ. ದಾರಿಹೋಕರನ್ನು ತಡೆಯುತ್ತಿದ್ದುದು ಪೊಲೀಸು–ಕೋರ್ಟಿನ ಭಯ. ಸಹಾಯಕ್ಕೆ ಬಂದವರನ್ನು ಸತಾಯಿಸಬಾರದೆಂಬ ಮಾರ್ಗಸೂಚಿಗೆ 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. 2019ರ ತಿದ್ದುಪಡಿಯಲ್ಲಿ ಕೇಂದ್ರದ ಕಾಯ್ದೆಗೂ ಈ ರಕ್ಷಣೆ ಸೇರಿತು. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ ಆರಂಭವಾದದ್ದು 2008ರ ನವೆಂಬರಿನಲ್ಲಿ. ಅದು ಬಂದು ತಲುಪುವವರೆಗಿನ ನಿಮಿಷಗಳಿಗೆ ಬೇಕಾದ್ದು ದೊಡ್ಡ ಔಷಧಾಲಯವಲ್ಲ: ಸುರಿಯುವ ರಕ್ತದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಲು ಸ್ವಚ್ಛ ಬಟ್ಟೆ, ಬಿಗಿಯಲು ಬ್ಯಾಂಡೇಜು, ಕೈಗವಸು, ಕತ್ತರಿ, ಟಾರ್ಚು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯುವ ನಮ್ಮ ಹಳೆಯ ಅಭ್ಯಾಸ ಮಾತ್ರ ಬೇಡ, ಆ ನೀರು ಶ್ವಾಸಕೋಶಕ್ಕೆ ಹೋಗಬಹುದು.

ಇತ್ತ ಸ್ಟೆಪ್ನಿಗೂ ಸಂಚಕಾರ ಬಂದಿದೆ. ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಮುಚ್ಚುವ ಕಿಟ್ ಇದ್ದರೆ ಸಣ್ಣ ವಾಹನಗಳಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿತು. ಉಳಿದ ಜಾಗದಲ್ಲಿ ದೊಡ್ಡ ಬ್ಯಾಟರಿ ಇಡಬಹುದೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮೊಳೆ ಚುಚ್ಚಿದ ಸಣ್ಣ ತೂತಿಗೆ ಕಿಟ್ಟಿನ ಅಂಟು ಸಾಕು. ಘಟ್ಟದ ರಸ್ತೆಯ ಚೂಪುಗಲ್ಲಿಗೆ ಟೈರಿನ ಪಕ್ಕೆ ಹರಿದರೆ ಅದು ಪ್ರಯೋಜನಕ್ಕೆ ಬಾರದು. ಆ ಅಂಟಿನ ಬಾಟಲಿಯ ಮೇಲೆ, ಔಷಧದ ಬಾಟಲಿಯ ಮೇಲೆ ಇರುವಂತೆಯೇ, ಇಂಥ ದಿನದೊಳಗೆ ಬಳಸಬೇಕೆಂಬ ತಾರೀಖೊಂದು ಅಚ್ಚಾಗಿರುತ್ತದೆ.